ಲೇನಿಯರ್ ಸರೋವರದಲ್ಲೊಂದು ಪಂಪ್ ರಿಪೇರಿ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾ ಎಂಬ ದೊಡ್ಡ ನಗರವಿದೆ. ಅಲ್ಲಿಂದ ಕಾರಿನಲ್ಲಿ ಉತ್ತರಕ್ಕೆ ಸುಮಾರು ಒಂದು ಗಂಟೆ ಹೋದರೆ ಲೇನಿಯರ್ ಸರೋವರ ಸಿಗುತ್ತದೆ. ಹೆಸರಿಗೆ ಸರೋವರವಾದರೂ ಅದು ತಾನಾಗಿ ಹುಟ್ಟಿದ್ದಲ್ಲ. ಚಟ್ಟಹೂಚಿ ಎಂಬ ನದಿಗೆ ಬ್ಯೂಫರ್ಡ್ ಎಂಬಲ್ಲಿ ಅಣೆಕಟ್ಟು ಕಟ್ಟಿ, 1956ರಲ್ಲಿ ಗೇಟು ಹಾಕಿ ನಿಲ್ಲಿಸಿದ ನೀರು ಅದು. ಆ ನದಿಯ ಮೇಲೆ ಪದ್ಯ ಬರೆದ ಸಿಡ್ನಿ ಲೇನಿಯರ್ ಎಂಬ ಕವಿಯ ಹೆಸರನ್ನೇ ಜಲಾಶಯಕ್ಕೆ ಇಟ್ಟಿದ್ದಾರೆ. ಕವಿಯ ಹೆಸರಿನ ಜಲಾಶಯ ಎಂದಾಗ ನನಗೆ ಬಹಳ ಸಂತೋಷವಾಯಿತು.

ಈ ಜಲಾಶಯದ ದಂಡೆಯ ಉದ್ದ ಸುಮಾರು 1,100 ಕಿಲೋಮೀಟರ್. ನಮ್ಮ ಶರಾವತಿ ಹಿನ್ನೀರಿನಂತೆಯೇ ಗುಡ್ಡಗಳ ಸಂದಿಗೊಂದಿಗೆಲ್ಲ ನೀರು ನುಗ್ಗಿ ಕೂತಿದೆ. ದಂಡೆಯ ಮಣ್ಣು ಕೂಡ ಮಲೆನಾಡಿನ ಹಾಗೆ ಕೆಂಪು. ಅಟ್ಲಾಂಟಾದ ಜನ ಕುಡಿಯುವ ನೀರಿಗೆ ಇದನ್ನೇ ನಂಬಿದ್ದಾರೆ. 1996ರ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಗಳು ನಡೆದದ್ದೂ ಇಲ್ಲೇ.

ಸರೋವರದ ಪಶ್ಚಿಮ ದಂಡೆಯ ಕಮಿಂಗ್ ಎಂಬ ಊರಿನಲ್ಲಿ ನನ್ನ ಮಗಳು, ಅಳಿಯ ಮತ್ತು ಹನ್ನೆರಡು ವರ್ಷದ ಮೊಮ್ಮಗಳು ಇದ್ದಾರೆ. ಆ ಕಡೆ ಕನ್ನಡದವರು ಬೇಕಾದಷ್ಟು ಮಂದಿ. ಅಂಗಡಿಯಲ್ಲಿ ಮಂಡಕ್ಕಿ, ರಾಗಿ ಹಿಟ್ಟು, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಸಿಗುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿ ಮೂರು ತಿಂಗಳು ಇದ್ದೆ. ಅಣೆಕಟ್ಟು ನೋಡಿದೆ, ದೇವಸ್ಥಾನ ನೋಡಿದೆ, ಆಕಾಶಕ್ಕೆ ಮುಟ್ಟುವ ಕಟ್ಟಡಗಳನ್ನೂ ನೋಡಿದೆ. ಆದರೆ ಊರಿಗೆ ಬಂದ ಮೇಲೆ ಯಾರಾದರೂ ‘ಅಮೆರಿಕದಲ್ಲಿ ಏನು ನೋಡಿದಿರಿ?’ ಎಂದು ಕೇಳಿದರೆ ನಾನು ಹೇಳುವುದು ಒಂದು ದೋಣಿಯ ಪಂಪಿನ ಕತೆಯನ್ನು.

ನೀರು ಹೊತ್ತು ಓಡುವ ದೋಣಿ

ಪಕ್ಕದ ಮನೆಯ ಯಜಮಾನರು ನನ್ನ ವಯಸ್ಸಿನವರು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಅವರದೊಂದು ಮೋಟಾರು ದೋಣಿ ಇತ್ತು. ಅದು ಮೀನು ಹಿಡಿಯುವುದಕ್ಕೂ ಅಲ್ಲ, ಜನ ದಾಟಿಸುವುದಕ್ಕೂ ಅಲ್ಲ. ಅಲೆ ಎಬ್ಬಿಸುವುದಕ್ಕೆಂದೇ ಮಾಡಿದ ದೋಣಿ! ದೋಣಿ ಓಡುವಾಗ ಹಿಂದೆ ಏಳುತ್ತದಲ್ಲ ಅಲೆ, ಅದರ ಮೇಲೆ ಮಕ್ಕಳು ಹಲಗೆ ಇಟ್ಟು ನಿಂತು ಜಾರುತ್ತಾರೆ. ಅಲೆ ದೊಡ್ಡದಾದಷ್ಟೂ ಆಟಕ್ಕೆ ಮಜಾ.

ಅಲೆ ದೊಡ್ಡದಾಗಬೇಕಾದರೆ ಏನು ಮಾಡಬೇಕು? ದೋಣಿ ನೀರಿನಲ್ಲಿ ಇನ್ನಷ್ಟು ಆಳಕ್ಕೆ ಕೂರಬೇಕು. ಆಳಕ್ಕೆ ಕೂರಬೇಕಾದರೆ ಭಾರ ಬೇಕು. ಕಲ್ಲು ಹೊತ್ತು ತರುವುದಕ್ಕಿಂತ ಸುಲಭದ ಉಪಾಯ, ಸರೋವರದ ನೀರನ್ನೇ ಹೀರಿ ಒಳಗೆ ತುಂಬಿಕೊಳ್ಳುವುದು. ಆಟ ಮುಗಿದ ಮೇಲೆ ಆ ನೀರನ್ನು ವಾಪಸು ಸರೋವರಕ್ಕೇ ಬಿಟ್ಟರಾಯಿತು. ಹೀಗೆ ಭಾರಕ್ಕಾಗಿ ತುಂಬುವ ನೀರಿಗೆ ಬ್ಯಾಲಸ್ಟ್ ಎನ್ನುತ್ತಾರೆ. ದೊಡ್ಡ ಹಡಗುಗಳೂ ಸರಕು ಇಲ್ಲದಾಗ ಅಲುಗಾಡದೆ ನಿಲ್ಲಲು ಹೀಗೆಯೇ ಸಮುದ್ರದ ನೀರು ತುಂಬಿಕೊಳ್ಳುತ್ತವೆ.

ಪಕ್ಕದ ಮನೆಯವರ ದೋಣಿಯ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ದಪ್ಪನೆಯ ಚೀಲ ಇತ್ತು. ಒಂದೊಂದಕ್ಕೂ ಒಂದೊಂದು ಪಂಪು. ಒಂದು ಚೀಲ 100 ಗ್ಯಾಲನ್ ನೀರು ಹಿಡಿಯುತ್ತದೆ. ಅಮೆರಿಕದ ಒಂದು ಗ್ಯಾಲನ್ ಎಂದರೆ 3.785 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಹಾಗಾದರೆ ಒಂದು ಚೀಲದ ಭಾರ ಎಷ್ಟಾಯಿತು? 378 ಕಿಲೋ ಚಿಲ್ಲರೆ. ಐವತ್ತು ಕಿಲೋದ ಅಕ್ಕಿ ಮೂಟೆಗಳ ಲೆಕ್ಕದಲ್ಲಿ ಏಳೂವರೆ ಮೂಟೆ!

ಜುಲೈ ತಿಂಗಳ ಒಂದು ಸೋಮವಾರ ಸಂಜೆ ಆ ದೋಣಿ ಬಲಕ್ಕೆ ವಾಲಿಕೊಂಡು ಮೆಲ್ಲಗೆ ದಡಕ್ಕೆ ಬಂತು. ಎಡಗಡೆಯ ಚೀಲ ಖಾಲಿಯಾಗಿತ್ತು. ಬಲಗಡೆಯ ಚೀಲ ತುಂಬಿದಂತೆಯೇ ಇತ್ತು. ಸ್ವಿಚ್ಚು ಎಷ್ಟು ಒತ್ತಿದರೂ ನೀರು ಹೊರಗೆ ಹೋಗಲಿಲ್ಲ.

ಯಜಮಾನರ ಮುಖ ಬಾಡಿತು. ಅವರ ಮೊಮ್ಮಗ ದೂರದ ಊರಿನಿಂದ ವರ್ಷಕ್ಕೊಮ್ಮೆ ಬರುವ ಹುಡುಗ. ಬರುವ ಭಾನುವಾರ ಅವನು ಹೊರಡಬೇಕು. ಅದಕ್ಕೆ ಮೊದಲು, ಶನಿವಾರ, ದೋಣಿಯನ್ನು ಗಾಡಿಗೆ ಕಟ್ಟಿಕೊಂಡು ಹಾರ್ಟ್‌ವೆಲ್ ಎಂಬ ಇನ್ನೊಂದು ಸರೋವರಕ್ಕೆ ಅವನನ್ನು ಕರೆದೊಯ್ಯುವುದಾಗಿ ಅಜ್ಜ ಮಾತು ಕೊಟ್ಟಿದ್ದರು. ನನ್ನ ಮೊಮ್ಮಗಳಿಗೂ ಕರೆ ಇತ್ತು. ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, ಬೇಸಿಗೆಯ ಸರದಿ, ಮೂರು ವಾರ ಕಾಯಬೇಕು ಎಂದರು.

“ನೀರಿದ್ದರೆ ಇರಲಿ, ಹಾಗೇ ಗಾಡಿಗೆ ಕಟ್ಟಿಕೊಂಡು ಹೋಗಬಹುದಲ್ಲ?” ಎಂದು ಹುಡುಗ ಕೇಳಿದ.

“ಒಂದು ಬಕೆಟ್ ನೀರೂ ಬೇಡ,” ಎಂದರು ಯಜಮಾನರು. “ಈ ಸರೋವರದ ನೀರು ಆ ಸರೋವರಕ್ಕೆ ಹೋಗಬಾರದು.”

ಒಂದರ ನೀರು ಇನ್ನೊಂದಕ್ಕೆ ಏಕೆ ಬೇಡ?

ಅವರ ಮಾತು ನನಗೆ ಮೊದಲು ಮಡಿಯ ಹಾಗೆ ಕೇಳಿಸಿತು. ವಿವರಿಸಿದ ಮೇಲೆ ಅದರ ಹಿಂದಿನ ಕಾರಣ ತಿಳಿಯಿತು.

1988ರಲ್ಲಿ ಅಮೆರಿಕ ಮತ್ತು ಕೆನಡಾ ನಡುವಿನ ಸೇಂಟ್ ಕ್ಲೇರ್ ಸರೋವರದಲ್ಲಿ ಉಗುರಿನಷ್ಟು ಗಾತ್ರದ, ಪಟ್ಟೆ ಪಟ್ಟೆಯ ಒಂದು ಹೊಸ ಕಪ್ಪೆಚಿಪ್ಪು ಕಾಣಿಸಿತು. ಪಟ್ಟೆ ಇರುವುದರಿಂದ ಅದಕ್ಕೆ ಜೀಬ್ರಾ ಮಸೆಲ್ ಎಂದು ಹೆಸರು. ಅದರ ತವರು ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಸುತ್ತಿನ ನೀರು. ಅಷ್ಟು ದೂರದಿಂದ ಅದು ಬಂದದ್ದು ಹಡಗಿನ ಬ್ಯಾಲಸ್ಟ್ ನೀರಿನಲ್ಲಿ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಬಂದ ಮೇಲೆ ಅವು ಲೆಕ್ಕವಿಲ್ಲದಷ್ಟು ಬೆಳೆದು, ಕುಡಿಯುವ ನೀರಿನ ಕೊಳವೆಗಳ ಒಳಗೆ ಗೋಡೆಯಂತೆ ಅಂಟಿಕೊಂಡವು. ಅಲ್ಲಿನ ಮೂಲ ಚಿಪ್ಪುಗಳ ಬೆನ್ನ ಮೇಲೂ ಕೂತು ಅವನ್ನು ಸಾಯಿಸಿದವು. ಮುಂದೆ ಹಡಗುಗಳ ಬ್ಯಾಲಸ್ಟ್ ನೀರಿಗಾಗಿಯೇ 2004ರಲ್ಲಿ ದೇಶ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದು 2017ರಲ್ಲಿ ಜಾರಿಗೆ ಬಂತು.

ಸಣ್ಣ ದೋಣಿಗಳಿಗೂ ಅದೇ ನೀತಿ: ತೊಳೆ, ಖಾಲಿ ಮಾಡು, ಒಣಗಿಸು. ಆಮೇಲೆ ಮಾತ್ರ ಇನ್ನೊಂದು ಸರೋವರಕ್ಕೆ ಇಳಿಸು. ಲೇನಿಯರ್ ಸರೋವರದ ನೀರು ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಹಾರ್ಟ್‌ವೆಲ್ ಇರುವುದು ಸವಾನಾ ನದಿಯ ಮೇಲೆ, ಅದರ ನೀರು ಅಟ್ಲಾಂಟಿಕ್ ಸಾಗರ ಸೇರುತ್ತದೆ. ಎರಡೂ ಬೇರೆ ಬೇರೆ ನದಿಗಳ ಸಂಸಾರ. ಒಂದರ ಜೀವಿಯನ್ನು ಇನ್ನೊಂದಕ್ಕೆ ಬಿಟ್ಟರೆ ವಾಪಸು ಕರೆಯಲು ಯಾರಿಂದಲೂ ಆಗದು. ಹಾಗಾಗಿ ಪಂಪು ಸರಿಯಾಗಬೇಕು, ಇಲ್ಲವಾದರೆ ಶನಿವಾರದ ಪ್ರವಾಸ ಇಲ್ಲ.

ತಪ್ಪು ಹುಡುಕುವ ಕ್ರಮ

“ನಾವೇ ನೋಡೋಣವೇ?” ಎಂದು ನಾನು ಕೇಳಿದೆ. ಯಜಮಾನರಿಗೆ ಯಂತ್ರ ಗೊತ್ತು. ಆದರೆ ಎರಡೂ ಮಂಡಿ ನೋವು, ದೋಣಿಯ ಹಿಂಬದಿಯ ಇಕ್ಕಟ್ಟಿನಲ್ಲಿ ಬಗ್ಗಲಾರರು. ನನಗೆ ಯಂತ್ರ ಗೊತ್ತಿಲ್ಲ, ತಪ್ಪು ಹುಡುಕುವುದು ಗೊತ್ತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಅದನ್ನೇ ಮಾಡಿದವನು. ಇಕ್ಕಟ್ಟಿಗೆ ಇಳಿಯಲು ನನ್ನ ಮೊಮ್ಮಗಳೂ ಅವರ ಮೊಮ್ಮಗನೂ ಇದ್ದರು.

ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ಲೆಡ್ಜರುಗಳನ್ನು ಕೈಯಲ್ಲೇ ಬರೆದು ತಾಳೆ ನೋಡುತ್ತಿದ್ದೆವು. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಎಂಟಾಗಲಿ ಒಂಬತ್ತಾಗಲಿ, ಹುಡುಕಲೇಬೇಕು. ಹುಡುಕುವುದಕ್ಕೊಂದು ಕ್ರಮ ಇತ್ತು. ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ನೋಡು. ಆದರೆ ಅಂಕಿ ಅದಲುಬದಲಾಗಿರಬಹುದು. 63 ಬರೆಯುವ ಕಡೆ 36 ಬರೆದರೆ ವ್ಯತ್ಯಾಸ 27, ಅಂದರೆ ಒಂಬತ್ತು ಮೂರಲ. ಮಕ್ಕಳೇ, ಬೇಕಾದರೆ ಬೇರೆ ಅಂಕಿಗಳನ್ನು ಇಟ್ಟು ನೋಡಿ. ಅದೂ ಅಲ್ಲವಾದರೆ ಯಾವ ಪುಟಗಳು ಸರಿ ಇವೆ ಎಂದು ಖಾತ್ರಿ ಮಾಡಿಕೊಳ್ಳುತ್ತ ಬಾ, ತಪ್ಪಿಗೆ ಅಡಗಲು ಜಾಗ ಕಡಿಮೆಯಾಗುತ್ತದೆ. ಪಂಪಿಗೂ ನಾನು ಅದೇ ಕ್ರಮ ಹೇಳಿದೆ.

ಮಂಗಳವಾರ ಬೆಳಗ್ಗೆ ಎಲ್ಲರೂ ಡಾಕಿಗೆ ಇಳಿದೆವು. ಅಲ್ಲಿ ನೀರು ಏರಿದಂತೆ ಇಳಿದಂತೆ ಡಾಕೂ ತೇಲುತ್ತ ಏರಿಳಿಯುತ್ತದೆ. ಅದರ ಪಕ್ಕದಲ್ಲಿ ದೋಣಿಯನ್ನು ಎತ್ತುವ ಒಂದು ಸಾಧನ. ದೊಡ್ಡ ತೊಟ್ಟಿಗಳಿಗೆ ಗಾಳಿ ತುಂಬಿದರೆ ಒಳಗಿನ ನೀರು ಹೊರಗೆ ಹೋಗಿ ತೊಟ್ಟಿಗಳು ತೇಲುತ್ತವೆ, ದೋಣಿಯನ್ನು ಹೊತ್ತು ಮೇಲೆ ಬರುತ್ತವೆ. ಗಾಳಿ ಬಿಟ್ಟು ನೀರು ಒಳಬಿಟ್ಟರೆ ಮುಳುಗುತ್ತವೆ. ಅದೂ ಬ್ಯಾಲಸ್ಟ್ ಲೆಕ್ಕವೇ, ತಿರುವು ಮುರುವು. ದೋಣಿ ಹೀಗೆ ನೀರಿನಿಂದ ಮೇಲಿದ್ದರೆ ಪೈಪು ಬಿಚ್ಚಿದಾಗ ಸರೋವರ ಒಳಗೆ ನುಗ್ಗುವ ಭಯವಿಲ್ಲ.

ಯಜಮಾನರು ಮೊದಲು ಮಾಡಿದ್ದು ಇಂಜಿನ್ ಕೋಣೆಯ ಫ್ಯಾನು ಹಾಕಿದ್ದು. ಪೂರ್ತಿ ನಾಲ್ಕು ನಿಮಿಷ. ಪೆಟ್ರೋಲಿನ ಆವಿ ಒಳಗೆ ನಿಂತಿದ್ದರೆ ಒಂದು ಕಿಡಿಗೇ ಅನಾಹುತ. ಆ ನಾಲ್ಕು ನಿಮಿಷ ಅವರು ಯಾರನ್ನೂ ಹತ್ತಿರ ಬಿಡಲಿಲ್ಲ.

ಮೊದಲ ಪ್ರಶ್ನೆ: ಪಂಪು ಸದ್ದು ಮಾಡುತ್ತದೆಯೇ? ಮೊಮ್ಮಗಳು ಕಿವಿಗೊಟ್ಟು ಕೇಳಿದಳು. “ಇಲ್ಲ ಅಜ್ಜ, ಸೈಲೆಂಟ್.” ಸದ್ದು ಇದ್ದು ನೀರು ಬಾರದಿದ್ದರೆ ಕಸ ಸಿಕ್ಕಿದೆ ಅಥವಾ ಒಳಗಿನ ರಬ್ಬರು ಹೋಗಿದೆ ಎಂದು ಅರ್ಥ. ಸದ್ದೇ ಇಲ್ಲವೆಂದರೆ ಮೊದಲು ಕರೆಂಟಿನ ದಾರಿ ನೋಡಬೇಕು.

ಎರಡನೆಯ ಪ್ರಶ್ನೆ: ಫ್ಯೂಸು ಇದೆಯೇ? ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕರಗಿತ್ತು. ಅಷ್ಟೇ ಆಂಪಿಯರಿನ ಹೊಸ ಫ್ಯೂಸು ಹಾಕಿ ಸ್ವಿಚ್ಚು ಒತ್ತಿದರು. ‘ಗುಂಯ್’ ಎಂದು ಒಂದು ಕ್ಷಣ ಸದ್ದು, ಮತ್ತೆ ಮೌನ. ಹೊಸ ಫ್ಯೂಸೂ ಹೋಯಿತು.

“ಇನ್ನೂ ದೊಡ್ಡ ಫ್ಯೂಸು ಹಾಕಿದರೆ?” ಎಂದ ಹುಡುಗ.

“ಹಾಕಿದರೆ ಫ್ಯೂಸು ಉಳಿಯುತ್ತದೆ, ತಂತಿ ಸುಡುತ್ತದೆ. ದೋಣಿಗೆ ಬೆಂಕಿ ಹತ್ತುವುದು ಹಾಗೆಯೇ,” ಎಂದರು ಅವನ ಅಜ್ಜ. ನಾನು ಮೊಮ್ಮಗಳಿಗೆ ಕನ್ನಡದಲ್ಲಿ ಹೇಳಿದೆ, “ಫ್ಯೂಸು ಕಳ್ಳನಲ್ಲ ಮಗಾ, ಕಳ್ಳ ಬಂದ ಅಂತ ಕೂಗಿದ ಕಾವಲುಗಾರ. ಅವನನ್ನು ಬೈಯಬಾರದು.”

ಮೂರನೆಯ ಪ್ರಶ್ನೆ: ತಪ್ಪು ತಂತಿಯಲ್ಲೋ ಪಂಪಿನಲ್ಲೋ? ಇದಕ್ಕೆ ಯಜಮಾನರು ಒಂದು ಒಳ್ಳೆಯ ಉಪಾಯ ಮಾಡಿದರು. ಎಡಗಡೆಯ ಪಂಪು ಸರಿ ಇದೆಯಲ್ಲ, ಬಲಗಡೆಯ ಕರೆಂಟಿನ ಪ್ಲಗ್ಗನ್ನು ಎಡಗಡೆಯ ಪಂಪಿಗೆ ಚುಚ್ಚಿಸಿದರು. ಮತ್ತೊಂದು ಹೊಸ ಫ್ಯೂಸು ಹಾಕಿ ಸ್ವಿಚ್ಚು ಒತ್ತಿದರೆ ಎಡಗಡೆಯ ಪಂಪು ಚೆನ್ನಾಗಿ ತಿರುಗಿತು. ಎರಡೇ ಎರಡು ಸೆಕೆಂಡು ಓಡಿಸಿ ನಿಲ್ಲಿಸಿದರು, ಏಕೆಂದರೆ ಎಡ ಚೀಲದಲ್ಲಿ ನೀರಿರಲಿಲ್ಲ. ಫ್ಯೂಸು ಹೋಗಲಿಲ್ಲ. ಅಂದರೆ ಬಲಗಡೆಯ ಸ್ವಿಚ್ಚು ಸರಿ, ತಂತಿ ಸರಿ. ಉಳಿದದ್ದು ಒಂದೇ, ಬಲಗಡೆಯ ಪಂಪು. ಬ್ಯಾಟರಿಯ ಮುಖ್ಯ ಸ್ವಿಚ್ಚನ್ನು ಆರಿಸಿದರು.

ಮುಕ್ಕಾಲು ಗಂಟೆಯ ಮಾತುಕತೆ

ಪಂಪು ಬಿಚ್ಚುವ ಮೊದಲು ಇನ್ನೊಂದು ಕೆಲಸ ಇತ್ತು. ಬಲ ಚೀಲದಲ್ಲಿ ಏಳೂವರೆ ಮೂಟೆ ನೀರು ಹಾಗೇ ಇದೆ. ಪೈಪು ಬಿಚ್ಚಿದರೆ ಅದೆಲ್ಲ ದೋಣಿಯ ಒಳಗೇ ಸುರಿಯುತ್ತದೆ. ಬೇರೆ ಪಂಪು ತರಬೇಕೇ ಎಂದು ಯಜಮಾನರು ಯೋಚಿಸುತ್ತಿದ್ದರು. ಅಡಿಕೆ ತೋಟದಲ್ಲಿ ಬೆಳೆದವನಿಗೆ ಅದಕ್ಕೆ ಪಂಪು ಏಕೆ? ಗಿಡಗಳಿಗೆ ನೀರು ಹಾಕುವ ಉದ್ದ ಪೈಪು ತರಿಸಿದೆ. ನಲ್ಲಿಗೆ ಹಿಡಿದು ಅದರ ತುಂಬ ನೀರು ತುಂಬಿಸಿ, ಎರಡೂ ತುದಿಗೆ ಹೆಬ್ಬೆಟ್ಟು ಒತ್ತಿ ಹಿಡಿಯಲು ಮಕ್ಕಳಿಗೆ ಹೇಳಿದೆ. ಚೀಲದ ಮೇಲಿನ ತಿರುಪಿನ ಮುಚ್ಚಳ ತೆಗೆದು ಒಂದು ತುದಿಯನ್ನು ಒಳಗೆ ಇಳಿಸಿದೆವು. ಇನ್ನೊಂದನ್ನು ಕೆಳಗೆ ಸರೋವರಕ್ಕೆ ಬಿಟ್ಟೆವು. ದೋಣಿ ಎತ್ತರದಲ್ಲಿತ್ತು, ಸರೋವರ ತಗ್ಗಿನಲ್ಲಿತ್ತು. ನೀರು ತಾನಾಗಿ ಹತ್ತಿ ಇಳಿದು ಹರಿಯತೊಡಗಿತು. ಪೈಪಿಗೆ ಬಾಯಿ ಹಾಕಿ ಎಳೆಯುವ ಅಭ್ಯಾಸ ನಮ್ಮ ಕಡೆ ಕೆಲವರಿಗಿದೆ, ಅದು ಬೇಡ. ಹೊಟ್ಟೆಗೆ ಏನು ಹೋಗುತ್ತದೋ ಯಾರು ಬಲ್ಲರು?

ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಮಕ್ಕಳು ಮೀನುಗಳಿಗೆ ಬ್ರೆಡ್ಡಿನ ಚೂರು ಹಾಕುತ್ತಿದ್ದರು. ನಾವಿಬ್ಬರು ಡಾಕಿನ ಬೆಂಚಿನ ಮೇಲೆ ಕೂತೆವು.

“ನಮ್ಮ ಅಜ್ಜನ ಜೋಳದ ಹೊಲ ಇಲ್ಲೇ ಇತ್ತು,” ಎಂದರು ಯಜಮಾನರು, ನೀರಿನ ನಡುವೆ ಒಂದು ಕಡೆ ಕೈ ತೋರಿಸಿ. ಅಣೆಕಟ್ಟಿನ ಬಾಗಿಲು ಹಾಕಿದಾಗ ಅವರಿಗೆ ಐದೋ ಆರೋ ವರ್ಷ. ಮನೆಯ ಹಲಗೆಗಳನ್ನು ಬಿಚ್ಚಿ ಲಾರಿಗೆ ಹೇರಿದ್ದು ನೆನಪಿದೆಯಂತೆ. ಗೋರಿಗಳನ್ನೂ ಅಗೆದು ಬೇರೆ ಕಡೆಗೆ ಸಾಗಿಸಿದರಂತೆ.

ನಾನು ಲಿಂಗನಮಕ್ಕಿಯ ವಿಷಯ ಹೇಳಿದೆ. 1964ರಲ್ಲಿ ಶರಾವತಿಗೆ ಆ ಅಣೆಕಟ್ಟು ಆದಾಗ ನನ್ನ ಅಮ್ಮನ ತವರು ಮುಳುಗಿತು. ಸೋದರಮಾವ ಎತ್ತಿನ ಗಾಡಿಯಲ್ಲಿ ಹೆಂಚು, ಬಾಗಿಲು, ದೇವರ ಪೆಟ್ಟಿಗೆ ಹೇರಿಕೊಂಡು ನಮ್ಮ ಮನೆಗೆ ಬಂದದ್ದು, ಫಲ ತುಂಬಿದ ಅಡಿಕೆ ಮರಗಳನ್ನು ಹಾಗೇ ನೀರಿಗೆ ಬಿಟ್ಟು ಬಂದದ್ದು, ಎಲ್ಲ ಹೇಳಿದೆ. ಜೋಗದ ದೀಪ ಊರೂರಿಗೆ ಹೋಯಿತು, ನಮ್ಮ ಮಾವನ ಮನೆಗೆ ಮಾತ್ರ ಬಹಳ ವರ್ಷ ಚಿಮಣಿ ಬುಡ್ಡಿಯೇ ಗತಿ. ಅತ್ತ ದಡದ ಸಿಗಂದೂರಿಗೆ ಹೋಗಲು ಜನ ದಶಕಗಳ ಕಾಲ ಲಾಂಚಿಗೆ ಕಾದರು. ಸೇತುವೆ ಆದದ್ದು 2025ರಲ್ಲಿ.

“ನಿಮ್ಮ ಜಲಾಶಯ ತುಂಬಿದಾಗ ಎಷ್ಟು ಅಡಿ?” ಎಂದು ಅವರು ಕೇಳಿದರು.

“1,819,” ಎಂದೆ. ಸಾಗರದ ಕಡೆಯ ಯಾರನ್ನು ಕೇಳಿದರೂ ಆ ಅಂಕಿ ಬಾಯಲ್ಲೇ ಇರುತ್ತದೆ.

“ನಮ್ಮದು 1,071,” ಎಂದರು ಅವರೂ ಅಷ್ಟೇ ವೇಗದಲ್ಲಿ. ಸಮುದ್ರ ಮಟ್ಟದಿಂದ ಅಳೆದ ಎತ್ತರ ಅದು. ಮಳೆಗಾಲದಲ್ಲಿ ನಾವು ಪೇಪರಿನಲ್ಲಿ ದಿನಾ ನೀರಿನ ಮಟ್ಟ ನೋಡುವ ಹಾಗೆ ಅವರೂ ನೋಡುತ್ತಾರೆ. 2007ರ ಬರದಲ್ಲಿ ಲೇನಿಯರ್ 1,051 ಅಡಿಗೆ ಇಳಿದಿತ್ತಂತೆ. ಆಗ ಮುಳುಗಿ ಹೋಗಿದ್ದ ಹಳೆಯ ಕಾರ್ ರೇಸಿನ ಮೈದಾನವೊಂದರ ಕಾಂಕ್ರೀಟು ಮೆಟ್ಟಿಲುಗಳು ಹೊರಗೆ ಕಂಡವು, ಜನ ನೋಡಲು ಹೋದರು ಎಂದರು. ನಮ್ಮಲ್ಲೂ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ತಲೆ ಎತ್ತುತ್ತದೆ ಎಂದು ನಾನು ಹೇಳಿದೆ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು. ಪೈಪಿನಿಂದ ನೀರು ಬೀಳುವ ಸದ್ದು ಮಾತ್ರ.

ಎಂಟು ಎಸಳಿನ ಲೆಕ್ಕ

ಚೀಲ ಖಾಲಿಯಾಯಿತು. ಮೊಮ್ಮಗಳು ಇಕ್ಕಟ್ಟಿಗೆ ಇಳಿದಳು. ಬಿಚ್ಚುವ ಮೊದಲು ಫೋಟೋ ತೆಗೆದಳು. ಎರಡು ತಂತಿಗೂ ಎರಡು ಪೈಪಿಗೂ ಬಿಳಿ ಟೇಪು ಸುತ್ತಿ ‘ಒಂದು’, ‘ಎರಡು’ ಎಂದು ಕನ್ನಡ ಅಂಕಿಯಲ್ಲೇ ಬರೆದಳು. ಆ ಅಂಕಿಗಳನ್ನು ನಾನು ಹಿಂದಿನ ವಾರವಷ್ಟೇ ಕಲಿಸಿದ್ದೆ. ಕ್ಲಾಂಪು ಸಡಿಲಿಸಿ, ಪಂಪನ್ನು ಎತ್ತಿ ಹೊರಗೆ ಕೊಟ್ಟಳು. ತೆಂಗಿನಕಾಯಿಗಿಂತ ಸ್ವಲ್ಪ ಉದ್ದ, ಅಷ್ಟೇ.

ಮುಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಒಳಗೆ ಕಪ್ಪು ರಬ್ಬರಿನ ಒಂದು ಹೂವು. ಅದಕ್ಕೆ ಇಂಪೆಲ್ಲರ್ ಎಂದು ಹೆಸರು. ಅದು ತಿರುಗುವ ಕೋಣೆಯ ಗೋಡೆ ಒಂದು ಕಡೆ ಸ್ವಲ್ಪ ಒಳಕ್ಕೆ ಉಬ್ಬಿರುತ್ತದೆ. ಅಲ್ಲಿ ಬಂದಾಗ ಎಸಳುಗಳು ಬಾಗುತ್ತವೆ, ದಾಟಿದ ಮೇಲೆ ಮತ್ತೆ ಬಿಡಿಸಿಕೊಳ್ಳುತ್ತವೆ. ಬಿಡಿಸಿಕೊಳ್ಳುವಾಗ ನೀರನ್ನು ಒಳಗೆಳೆಯುತ್ತವೆ, ಬಾಗುವಾಗ ಹೊರಗೆ ದೂಡುತ್ತವೆ. ಮೋಟಾರನ್ನು ಹಿಂದುಮುಂದಾಗಿ ತಿರುಗಿಸಿದರೆ ನೀರೂ ಹಿಂದುಮುಂದಾಗಿ ಹೋಗುತ್ತದೆ. ಹಾಗಾಗಿ ತುಂಬುವುದಕ್ಕೂ ಖಾಲಿ ಮಾಡುವುದಕ್ಕೂ ಒಂದೇ ಪಂಪು ಸಾಕು.

ಆದರೆ ಈ ರಬ್ಬರಿಗೆ ನೀರೇ ಎಣ್ಣೆ. ಚೀಲ ಖಾಲಿಯಾದ ಮೇಲೂ ಸ್ವಿಚ್ಚು ಆರಿಸದೆ ಬಿಟ್ಟರೆ ಒಣಗಿದ ರಬ್ಬರು ಗೋಡೆಗೆ ಉಜ್ಜಿ ಬಿಸಿಯಾಗಿ ಹರಿಯುತ್ತದೆ. ಇಲ್ಲಿ ಆಗಿದ್ದೂ ಅದೇ. ಎಂಟು ಎಸಳಿನಲ್ಲಿ ಐದು ಇದ್ದವು, ಮೂರು ಮುರಿದಿದ್ದವು. ಒಂದು ಚೂರು ಗೋಡೆಗೂ ಹೂವಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ತೆಗೆದು ಇಕ್ಕಳದಿಂದ ತಿರುಗಿಸಿ ನೋಡಿದರೂ ಮೋಟಾರಿನ ಸಲಾಕೆ ಅಲ್ಲಾಡಲಿಲ್ಲ. ಬಿಸಿಗೆ ಸೀಲು ಹಾಳಾಗಿ, ನೀರು ಒಳಗಿಳಿದು ತುಕ್ಕು ಹಿಡಿದಿತ್ತು. ಬರೇ ರಬ್ಬರು ಬದಲಾಯಿಸಿದರೆ ಸಾಲದು, ಪಂಪೇ ಹೊಸದು ಬೇಕು ಎಂದು ತೀರ್ಮಾನವಾಯಿತು. ಯಜಮಾನರು ಅದೇ ಮಾದರಿಯದನ್ನು ತರಿಸಿದರು. ಗುರುವಾರ ಮಧ್ಯಾಹ್ನ ಮನೆ ಬಾಗಿಲಿಗೆ ಬಂತು. ಬೆಲೆಯನ್ನು ನಾನು ರೂಪಾಯಿಗೆ ಗುಣಿಸಿ ನೋಡಲಿಲ್ಲ, ಊಟ ಸೇರಬೇಕಲ್ಲ!

ಇನ್ನೇನು ಹೊಸ ಪಂಪು ಕೂರಿಸಬೇಕು, ಮೊಮ್ಮಗಳು ತಡೆದಳು. “ಅಜ್ಜ, ಟ್ಯಾಲಿ ಆಗ್ತಿಲ್ಲ.”

“ಏನಾಯ್ತು ಮಗಾ?”

“ಮೂರು ಎಸಳು ಮುರಿದಿದೆ. ನಮ್ಮ ಹತ್ರ ಇರೋದು ಎರಡೇ ಚೂರು. ಮೂರನೇದು ಎಲ್ಲಿ?”

ಮೇಜಿನ ಮೇಲೆ ಹಳೆಯ ಇಂಪೆಲ್ಲರನ್ನೂ ಎರಡು ಚೂರುಗಳನ್ನೂ ಸಾಲಾಗಿ ಇಟ್ಟಿದ್ದಳು. ನಾನು ಇಂಗ್ಲಿಷಿನಲ್ಲಿ ವಿಷಯ ಹೇಳಿದಾಗ ಯಜಮಾನರು ತಲೆಯ ಟೋಪಿ ತೆಗೆದು ಅವಳಿಗೆ ನಮಸ್ಕಾರ ಮಾಡಿದರು. ಆ ಚೂರು ಪೈಪಿನಲ್ಲೇ ಉಳಿದಿದ್ದರೆ ಹೊಸ ಪಂಪಿನ ಬಾಯಿಗೆ ಬಂದು ಅದನ್ನೂ ಹಿಡಿದು ನಿಲ್ಲಿಸುತ್ತಿತ್ತು. ಹುಡುಕಾಟ ಶುರುವಾಯಿತು. ಹುಡುಗ ಒಂದು ಪೈಪಿನ ಒಳಗೆ ಬೆಳಕು ಬಿಟ್ಟು ನೋಡಿದ, ಇರಲಿಲ್ಲ. ಇನ್ನೊಂದು ಪೈಪಿನ ತಿರುವಿನಲ್ಲಿ ನೀರು ಹಾಯಿಸಿದಾಗ, ಹುಣಿಸೆ ಬೀಜದಷ್ಟು ಕಪ್ಪು ಚೂರು ಟಣ್ಣನೆ ಹಾರಿ ಬಕೆಟಿಗೆ ಬಿತ್ತು. ಎಂಟಕ್ಕೆ ಎಂಟು. ಬ್ಯಾಂಕಿನಲ್ಲಿ ರಾತ್ರಿ ಒಂಬತ್ತಕ್ಕೆ ವ್ಯತ್ಯಾಸ ಸಿಕ್ಕಾಗ ನಾವು ಮೇಜು ಕುಟ್ಟುತ್ತಿದ್ದೆವು. ಆ ಮಕ್ಕಳು ಹಾಗೆಯೇ ಡಾಕಿನ ಹಲಗೆಯನ್ನು ಕುಟ್ಟಿದರು.

ಮುಂದಿನದು ಸಲೀಸು. ಹೊಸ ಪಂಪನ್ನು ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದರು. ಟೇಪಿನ ಅಂಕಿ ನೋಡಿ ಪೈಪು ಜೋಡಿಸಿ ಕ್ಲಾಂಪು ಬಿಗಿದರು. ತಂತಿಗಳನ್ನೂ ಅಂಕಿಯಂತೆಯೇ ಸೇರಿಸಿ, ನೀರು ತಾಗದ ಹಾಗೆ ಮೇಲೆ ರಬ್ಬರಿನ ಕೊಳವೆ ತೊಡಿಸಿ ಬಿಸಿ ಮಾಡಿ ಅಂಟಿಸಿದರು. ಈ ಎರಡು ತಂತಿ ಅದಲುಬದಲಾದರೆ ‘ತುಂಬು’ ಎಂದಾಗ ಪಂಪು ಖಾಲಿ ಮಾಡುತ್ತದೆ, ಖಾಲಿ ಮಾಡು ಎಂದಾಗ ತುಂಬುತ್ತದೆ! 63 ಮತ್ತು 36ರ ಹಾಗೆ.

ಗುರುವಾರ ಸಂಜೆ ದೋಣಿಯನ್ನು ನೀರಿಗೆ ಇಳಿಸಿದರು. ಪೈಪಿನ ಸಂದಿಗಳಲ್ಲಿ ಒಣ ಕಾಗದ ಒತ್ತಿ ನೋಡಿದರು, ಹನಿ ಇರಲಿಲ್ಲ. ಎಡ ಬಲ ಎರಡೂ ಸ್ವಿಚ್ಚು ಒಟ್ಟಿಗೆ ಹಾಕಿದರು. ನಾನು ಕೈಗಡಿಯಾರ ಹಿಡಿದಿದ್ದೆ. ಎಡ ಚೀಲ ತುಂಬಲು 9 ನಿಮಿಷ 10 ಸೆಕೆಂಡು, ಬಲ ಚೀಲಕ್ಕೆ 8 ನಿಮಿಷ 50 ಸೆಕೆಂಡು. ದೋಣಿ ಸಮನಾಗಿ ಕೂತಿತು. ವಾಪಸು ಖಾಲಿ ಮಾಡುವಾಗ ನೀರಿನ ಧಾರೆ ನಿಂತ ತಕ್ಷಣ ಸ್ವಿಚ್ಚು ಆರಿಸುವುದು ಹುಡುಗನ ಕೆಲಸ ಎಂದು ಅವನ ಅಜ್ಜ ನೇಮಿಸಿದರು.

ಶನಿವಾರ ಬೆಳಗ್ಗೆ ದೋಣಿ ಗಾಡಿಗೇರಿತು. ಹಿಂದಿನ ದಿನವೇ ಅದನ್ನು ತೊಳೆದು, ಚೀಲಗಳನ್ನು ಮಡಚಿ ಕೊನೆಯ ಹನಿಯನ್ನೂ ಹಿಂಡಿ, ಬಿಸಿಲಿಗೆ ಒಣಗಿಸಿದ್ದರು. ಹಾರ್ಟ್‌ವೆಲ್ ಸರೋವರದಲ್ಲಿ ಮಕ್ಕಳು ಲೈಫ್ ಜಾಕೆಟ್ ತೊಟ್ಟು ಅಲೆಯ ಮೇಲೆ ಜಾರಿದರು. ಹದಿಮೂರು ವರ್ಷದೊಳಗಿನವರು ಓಡುವ ದೋಣಿಯಲ್ಲಿ ಅದನ್ನು ತೊಡಲೇಬೇಕೆಂದು ಜಾರ್ಜಿಯಾದಲ್ಲಿ ಕಾನೂನೇ ಇದೆ. ನಾವಿಬ್ಬರು ಮುದುಕರೂ ತೊಟ್ಟೆವು. ಮೊಮ್ಮಗಳು ಏಳು ಸಲ ಬಿದ್ದು ಎಂಟನೆಯ ಸಲ ನಿಂತಳು.

ಈ ಕತೆ ಹೇಳಿದಾಗ ನನ್ನ ಗೆಳೆಯರು, “ನಮ್ಮ ಮನೆಯಲ್ಲಿ ಅಂಥ ದೋಣಿ ಎಲ್ಲಿದೆ ಮಾರಾಯ?” ಎಂದು ನಗುತ್ತಾರೆ. ದೋಣಿ ಇಲ್ಲ, ನಿಜ. ಆದರೆ ಸಂಪಿನ ಮೋಟಾರು ಎಲ್ಲರ ಮನೆಯಲ್ಲೂ ಇದೆ. ಅದು ನೀರೆತ್ತದಿದ್ದರೆ ಕೂಡಲೇ ‘ಮೋಟಾರು ಸುಟ್ಟಿತು’ ಎನ್ನಬೇಡಿ. ಸದ್ದು ಇದೆಯೇ? ಸಂಪಿನಲ್ಲಿ ನೀರಿದೆಯೇ? ಕೆಳಗಿನ ವಾಲ್ವಿಗೆ ಕಸ ಸಿಕ್ಕಿದೆಯೇ? ಒಂದೊಂದೇ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು, ಸರಿ ಇದ್ದದ್ದಕ್ಕೆ ಗುರುತು ಹಾಕುತ್ತ ಬನ್ನಿ. ಆದರೆ ಮಕ್ಕಳೇ, ಒಂದು ಮಾತು ನೆನಪಿಡಿ. ಆ ದೋಣಿಯ ಪಂಪು 12 ವೋಲ್ಟಿನ ಬ್ಯಾಟರಿಯದು, ಮನೆಯ ಕರೆಂಟು 230 ವೋಲ್ಟ್. ನೀವು ನೋಡಿ, ಕೇಳಿ, ಬರೆದುಕೊಳ್ಳಿ. ತಂತಿ ಮುಟ್ಟುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅವರು ಬಂದಾಗ ನಿಮ್ಮ ಚೀಟಿ ತೋರಿಸಿ, ಅವರಿಗೆ ಅರ್ಧ ಕೆಲಸ ಉಳಿಯುತ್ತದೆ.

ಮೊನ್ನೆ ಮೊಮ್ಮಗಳು ಫೋನ್ ಮಾಡಿದ್ದಳು. ಆ ಕಡೆ ಚಳಿಗಾಲ ಬಂದಿದೆ. ಚೀಲದಲ್ಲಿ, ಪಂಪಿನಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ ಉಬ್ಬಿ ಒಡೆಯುತ್ತದೆಂದು ಪಕ್ಕದ ಮನೆಯ ಅಜ್ಜ ಅವಳನ್ನೇ ಕರೆದು ಇಕ್ಕಟ್ಟಿಗೆ ಇಳಿಸಿದರಂತೆ. “ಎರಡೂ ಪಂಪು ಚೆಕ್ ಮಾಡಿದೆ ಅಜ್ಜ. ಹದಿನಾರಕ್ಕೆ ಹದಿನಾರು ಎಸಳು ಇದೆ,” ಎಂದಳು.